ಮುಂದಿನ ಆದೇಶದವರೆಗೆ

ಮೈಸೂರು ಪೇಟ ಹೆಂಗಸರ ತಲೆಯ ಅಳತೆ ತೆಗೆದು ಮಾಡಿದ್ದಲ್ಲ. ನನ್ನ ತಲೆಗೆ ಇಟ್ಟದ್ದು ತುರುಬಿನ ಮೇಲೆ ಒಂದು ಗಳಿಗೆ ಕೂತು, ಆಮೇಲೆ ಜಾರಿ ಹುಬ್ಬಿನವರೆಗೆ ಬಂತು. ಸಭಾಂಗಣದ ತುಂಬ ಚಪ್ಪಾಳೆ. ಪ್ರಿನ್ಸಿಪಾಲರು ಮೈಕಿನಲ್ಲಿ, "ನಮ್ಮ ಕಮ್ಯುನಿಟಿ ಮೆಡಿಸಿನ್ ವಿಭಾಗದ ಪ್ರಪ್ರಥಮ ಮಹಿಳಾ ಮುಖ್ಯಸ್ಥೆ" ಎಂದು ಎರಡು ಸಲ ಹೇಳಿದರು. ಎರಡನೆಯ ಸಲ ಪ್ರಪ್ರಥಮದ ಮೇಲೆ ಒತ್ತು ಜಾಸ್ತಿ ಇತ್ತು. ನಾನು ಒಂದು ಕೈಯಲ್ಲಿ ಪೇಟ, ಇನ್ನೊಂದರಲ್ಲಿ ಹಾರ ಹಿಡಿದುಕೊಂಡು ಫೋಟೋಗೆ ನಗುತ್ತಿದ್ದೆ. ಆದರೆ ಅದು ಸುಳ್ಳು. ಆ ಸುಳ್ಳನ್ನು ಮೊಟ್ಟಮೊದಲು ಟೈಪ್ ಮಾಡಿದವಳು ನಾನೇ.

ನನಗಿಂತ ಮುಂಚೆ ಅದೇ ಕೋಣೆಯಲ್ಲಿ, ಅದೇ ಒಂದು ಕಾಲು ಕುಂಟುವ ಕುರ್ಚಿಯಲ್ಲಿ ಕೂತು ನಮ್ಮ ಮೇಡಂ ಮೂರು ಸಲ ವಿಭಾಗ ನಡೆಸಿದ್ದರು. ಮೂರನ್ನೂ ಕೂಡಿಸಿದರೆ ಯಾವ ಗಂಡಸು ಮುಖ್ಯಸ್ಥನೂ ಅಷ್ಟು ವರ್ಷ ಕೂತವನಲ್ಲ. ಆದರೆ ಮೂರು ಸಲವೂ ಅವರು ಇನ್‌ಚಾರ್ಜ್. ಆರ್ಡರಿನ ಕನ್ನಡದಲ್ಲಿ ಪ್ರಭಾರ. ಅಂದರೆ, ಖಾಯಂ ಮುಖ್ಯಸ್ಥರು ವರ್ಗವಾಗಿ ಹೋದ ಮೇಲೆ ಇನ್ನೊಬ್ಬರು ಬರುವ ತನಕ ಬೀರುವಿನ ಬೀಗದ ಕೈ ಇಟ್ಟುಕೊಂಡು, ಪಾಠ, ಪರೀಕ್ಷೆ, ಹಳ್ಳಿ ಕ್ಯಾಂಪು, ಜಗಳ ಎಲ್ಲ ನೋಡಿಕೊಳ್ಳುವವರು. ಬಂದವರ ಕೈಗೆ ಬೀಗದ ಕೈ ಕೊಟ್ಟು ಮತ್ತೆ ಪಕ್ಕದ ಕೋಣೆಗೆ ಹೋಗುವವರು. ಮುಖ್ಯಸ್ಥರ ಕೋಣೆಯ ಗೋಡೆಯಲ್ಲಿ ಒಂದು ಕಪ್ಪು ಬೋರ್ಡು ಇದೆ. ವಿಭಾಗ ಶುರುವಾದಾಗಿನಿಂದ ಮುಖ್ಯಸ್ಥರಾದವರ ಹೆಸರೆಲ್ಲ ಬಿಳಿ ಬಣ್ಣದಲ್ಲಿ ಅದರ ಮೇಲಿವೆ. ಇನ್‌ಚಾರ್ಜ್ ಇದ್ದವರನ್ನು ಅದರಲ್ಲಿ ಬರೆಸುವ ಪದ್ಧತಿ ಇಲ್ಲ. ಇನ್‌ಚಾರ್ಜ್ ಆಗುತ್ತಿದ್ದದ್ದೋ ಬಹುಪಾಲು ಹೆಂಗಸರು. ಹಾಗಾಗಿ ಬೋರ್ಡಿನ ತುಂಬ ಗಂಡಸರು. ಇದನ್ನು ಯಾರೂ ಸಂಚು ಮಾಡಿ ಮಾಡಿದ್ದಲ್ಲ, ಅದೇ ನನಗೆ ಇನ್ನೂ ಕೋಪ ಬರಿಸುವ ವಿಷಯ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮವ್ವ ಹೇಳುತ್ತಿದ್ದಳು.

ಮೇಡಂ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ನಮ್ಮ ಮನೆಯ ಜಗಲಿಯಲ್ಲಿ. ನರಸೀಪುರದಿಂದ ಸೋಮನಾಥಪುರದ ಕಡೆಗೆ ಹೋಗುವ ರಸ್ತೆಯಲ್ಲಿ ಎಡಕ್ಕೆ ತಿರುಗಿ, ನಾಲೆ ಏರಿಯ ಮೇಲೆ ಸ್ವಲ್ಪ ದೂರ ನಡೆದರೆ ನಮ್ಮೂರು. ನಾನು ಏಳನೇ ಕ್ಲಾಸು. ಮೈಸೂರಿನ ಮೆಡಿಕಲ್ ಕಾಲೇಜಿನ ನೀಲಿ ವ್ಯಾನು ಬಂದು ಅರಳಿಕಟ್ಟೆ ಹತ್ತಿರ ನಿಂತಿತು. ಬಿಳಿ ಕೋಟಿನ ಹುಡುಗರು ಮನೆ ಮನೆಗೆ ಹೋಗಿ, ಎಷ್ಟು ಜನ, ಯಾರಿಗೆ ಕಾಯಿಲೆ, ಕುಡಿಯುವ ನೀರು ಎಲ್ಲಿಂದ ಅಂತ ಫಾರಂ ತುಂಬುತ್ತಿದ್ದರು. ನಮ್ಮನೆಗೆ ಬಂದ ಹುಡುಗನ ಹಿಂದೆ ಮೇಡಂ ಇದ್ದರು. ಕಾಟನ್ ಸೀರೆ, ಅದರ ಮೇಲೆ ಕೋಟು, ಹೆಗಲಿಗೆ ರೈಲಿನಲ್ಲಿ ಓಡಾಡುವವರ ಉದ್ದ ಬ್ಯಾಗು.

"ಮನೆ ಯಜಮಾನ್ರ ಹೆಸರೇನಮ್ಮಾ?" ಹುಡುಗ ಕೇಳಿದ.

ಅವ್ವ ಗಂಡನ ಹೆಸರನ್ನು ಬಾಯಲ್ಲಿ ಹೇಳುವವಳಲ್ಲ. ನನ್ನ ಕಡೆ ತಿರುಗಿ, "ಏಳವ್ವಾ, ನಿಮ್ಮಪ್ಪನ ಎಸ್ರ ಏಳು" ಅಂದಳು. ನಾನು ಹೇಳಿದೆ. 'ಕುಟುಂಬದ ಮುಖ್ಯಸ್ಥ' ಅಂತಿದ್ದ ಕಡೆ ಹುಡುಗ ಇಂಕಿನಲ್ಲಿ ಬರೆದುಕೊಂಡು ಮುಂದಿನ ಮನೆಗೆ ಹೊರಟ. ಮೇಡಂ ಅವನ ಕೋಟಿನ ತೋಳು ಹಿಡಿದು ನಿಲ್ಲಿಸಿದರು.

"ಎರಡನೇ ಪ್ರಶ್ನೆ ಕೇಳಲೇ ಇಲ್ವಲ್ಲಪ್ಪಾ ನೀನು" ಎಂದು, ತಾವೇ ಕೇಳಿದರು. "ಈ ಮನೇಲಿ ಮಗೂಗೆ ಜ್ವರ ಬಂದ್ರೆ, ನಡೀರಿ ಆಸ್ಪತ್ರೆಗೆ ಹೋಗೋಣ ಅಂತ ಮೊದಲು ಹೇಳೋರು ಯಾರು?"

ಅಪ್ಪ ಎಮ್ಮೆಗೆ ಹುಲ್ಲು ಹಾಕುತ್ತಿದ್ದ. ಅಲ್ಲಿಂದಲೇ, "ಅವ್ಳೇ ಕಣವ್ವ. ಆಸ್ಪತ್ರೆ, ಇಸ್ಕೂಲು, ಡೈರಿ, ಎಲ್ಲಾ ಅವ್ಳದೇ ಕಾರುಬಾರು. ನಾನು ಎಸ್ರಿಗೆ ಇವ್ನಿ" ಅಂದ. ಅದನ್ನು ಹೇಳಲು ಅವನಿಗೆ ನಾಚಿಕೆಯೇನೂ ಇರಲಿಲ್ಲ.

ಮೇಡಂ ಕೋಟಿನ ಜೇಬಿನಿಂದ ಮೋಟು ಪೆನ್ಸಿಲ್ ತೆಗೆದು ಅವ್ವನ ಹೆಸರು ಕೇಳಿದರು. "ನನ್ನೆಸ್ರು ಯಾತಕವ್ವಾ" ಅಂತ ಅವ್ವ ಒಳಕ್ಕೆ ಹೊರಟೇಹೋದಳು. ಅದನ್ನೂ ನಾನೇ ಹೇಳಿದೆ. ಫಾರಮಿನ ಅಂಚಿನಲ್ಲಿ, ಅಪ್ಪನ ಹೆಸರಿನ ಪಕ್ಕ, ಅವರು ಪೆನ್ಸಿಲಿನಲ್ಲಿ ಬರೆದರು.

"ಇದ್ಯಾಕೆ ಪೆನ್ಸಿಲು?" ಎಂದು ಕೇಳಿದೆ. ಆಗ ನನಗೆ ಕೇಳುವ ಬಾಯಿತ್ತು.

"ಫಾರಮ್ಮಲ್ಲಿ ಒಂದೇ ಹೆಸರಿಗೆ ಜಾಗ ಇರೋದು ಪುಟ್ಟಿ. ಇದು ನಮಗೆ ಗೊತ್ತಿರಲಿ ಅಂತ."

ನಾನು ಡಾಕ್ಟರಾಗಬೇಕು ಅಂದುಕೊಂಡದ್ದು ರೋಗಿಗಳ ಸೇವೆಗಾಗಿ ಅಂತ ಎಷ್ಟೋ ಭಾಷಣದಲ್ಲಿ ಹೇಳಿದ್ದೇನೆ. ನಿಜ ಹೇಳಬೇಕೆಂದರೆ, ಆ ಬ್ಯಾಗು ನೇತುಹಾಕಿಕೊಂಡು, ಒಬ್ಬ ಗಂಡು ಹುಡುಗನ ತೋಳು ಹಿಡಿದು ನಿಲ್ಲಿಸುವ ಹೆಂಗಸಾಗಬೇಕಿತ್ತು ನನಗೆ.

ಮುಂದೆ ಅದೇ ಕಾಲೇಜಿಗೆ ಓದಲು ಬಂದೆ. ಅವರ ವಿಭಾಗದಲ್ಲೇ ಎಂ.ಡಿ. ಮಾಡಿ, ಅಲ್ಲೇ ಮೇಷ್ಟ್ರು ಕೆಲಸಕ್ಕೂ ಸೇರಿದೆ. ಪ್ರತಿ ಮಂಗಳವಾರ ವ್ಯಾನಿನಲ್ಲಿ ನರಸೀಪುರದ ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದೆವು. ಮಧ್ಯಾಹ್ನ ನಾಲೆಯ ಮೋರಿ ಕಟ್ಟೆಯ ಮೇಲೆ ಕೂತು ಊಟ. ಮೇಡಂ ಡಬ್ಬಿಯಲ್ಲಿ ಯಾವಾಗಲೂ ಮೊಸರನ್ನ, ಉಪ್ಪಿನಕಾಯಿ. ನನ್ನ ಡಬ್ಬಿಯ ಮುದ್ದೆಗೆ ಕೈ ಹಾಕಿ, "ನಿಮ್ಮವ್ವನ ಕೈದಾ, ಹಾಸ್ಟೆಲ್‌ದಾ?" ಅಂತ ಮುರಿದ ಮೇಲೆ ಕೇಳುತ್ತಿದ್ದರು. ಊಟವಾದ ಮೇಲೆ ಹುಡುಗರು ತಂದ ಫಾರಂಗಳನ್ನು ಒಂದೊಂದಾಗಿ ನೋಡುವರು. ಅಂಚಿನಲ್ಲಿ ಪೆನ್ಸಿಲ್ ಹೆಸರು ಇಲ್ಲದಿದ್ದರೆ ಆ ಹುಡುಗ ಬಿಸಿಲಲ್ಲಿ ವಾಪಸು ಆ ಮನೆಗೆ ಹೋಗಬೇಕು. ಪೆನ್ಸಿಲ್ ಹೆಸರು ಹಿಡಿದು ಹೋದರೆ ಲಸಿಕೆ ಕೆಲಸ ಅರ್ಧ ಮುಗಿದ ಹಾಗೆ, ಇಂಕಿನ ಹೆಸರು ಹಿಡಿದು ಹೋದರೆ ಯಜಮಾನ್ರು ಎಲೆ ಅಡಿಕೆ ಕೊಟ್ಟು ಕಳಿಸುತ್ತಾರೆ ಅನ್ನುವುದು ಅವರ ಪಾಠ. ಯಾವ ಪುಸ್ತಕದಲ್ಲೂ ಇದು ನನಗೆ ಸಿಕ್ಕಿಲ್ಲ.

ಅವರ ಮನೆ ನಂಜನಗೂಡು. ದಿನಾ ರೈಲಿನಲ್ಲಿ ಬಂದು ಹೋಗುವುದು. ಮನೆಯಲ್ಲಿ ಕಣ್ಣು ಕಾಣದ ತಾಯಿ. ಸಂಜೆಯ ಕಾಫಿ ದೊಡ್ಡ ಮಗಳ ಕೈಯಿಂದಲೇ ಆಗಬೇಕು ಅಂತ ಆ ಮುದುಕಿಯ ಹಟ. ಹಾಗಾಗಿ ಮೇಡಂ ಐದು ಗಂಟೆಗೆ ಬ್ಯಾಗು ಏರಿಸಿ ಸ್ಟೇಷನ್ನಿಗೆ ಹೊರಡುವರು. "ಐದಕ್ಕೆ ರೈಲು ಹಿಡಿಯೋ ಹೆಂಗಸು ವಿಭಾಗ ಹೇಗೆ ನಡೆಸ್ತಾರೆ?" ಅಂತ ದೊಡ್ಡವರು ಮಾತಾಡಿಕೊಳ್ಳುತ್ತಿದ್ದರು. ಅವರು ಬೆಳಿಗ್ಗೆ ಎಂಟಕ್ಕೇ ಬಂದು ಕೂತಿರುವುದನ್ನು ನೋಡಲು ಆ ದೊಡ್ಡವರು ಎಂಟಕ್ಕೆ ಬರಬೇಕಿತ್ತಲ್ಲ! ಮೀಟಿಂಗ್ ಐದಕ್ಕೆ ಅಂತ ಕರೆದು, ಆರಕ್ಕೆ ಶುರುಮಾಡಿ, ಮೇಡಂ ಗೈರುಹಾಜರಿ ಅಂತ ಬರೆದುಕೊಳ್ಳುತ್ತಿದ್ದರು. ಯಾವ ಸಮಿತಿ ಮಾಡಿದರೂ ಬಿಸ್ಕೆಟ್ಟು, ಹೂಗುಚ್ಛ, ಸ್ವಾಗತ ಭಾಷಣದ ಪಟ್ಟಿಯಲ್ಲಿ ನಾವು ಹೆಂಗಸರು. ಆಯ್ಕೆ, ನೇಮಕದ ಪಟ್ಟಿಯಲ್ಲಿ ಗಂಡಸರು. ಕ್ಲಾಸಿನಲ್ಲಿ ನೋಡಿದರೆ ಅರ್ಧಕ್ಕೆ ಅರ್ಧ ಹುಡುಗಿಯರು. ಪ್ರಿನ್ಸಿಪಾಲರ ಕೋಣೆಯಲ್ಲಿ ತೂಗುಹಾಕಿದ ಫೋಟೋಗಳನ್ನು ನೋಡಿದರೆ ಬರೀ ಟೈ, ಮೀಸೆ.

ಈಗ ಆ ಟೈಪಿನ ವಿಷಯ. ಕಾಲೇಜಿಗೆ ಇನ್‌ಸ್ಪೆಕ್ಷನ್ ಬರುವುದಿತ್ತು. ಇನ್‌ಸ್ಪೆಕ್ಷನ್ ಅಂದರೆ ಗೋಡೆಗೆ ಸುಣ್ಣ, ಬಾಗಿಲಿಗೆ ಬಣ್ಣ, ಬೋರ್ಡಿಗೆ ಹೊಸ ಅಕ್ಷರ. ಮೇಡಂ ಆಗ ಮೂರನೇ ಸಲ ಇನ್‌ಚಾರ್ಜ್. ನಾನು ಸೇರಿ ವರ್ಷವಾಗಿರಲಿಲ್ಲ, ಪ್ರೊಬೇಷನ್ನು. ಮುಖ್ಯಸ್ಥರ ಪಟ್ಟಿ ಟೈಪ್ ಮಾಡಿ ಪೇಂಟರ್‌ಗೆ ಕೊಡುವ ಕೆಲಸ ನನಗೆ ಬಿತ್ತು. ಆಫೀಸಿನ ಸೂಪರಿಂಟೆಂಡೆಂಟರನ್ನು ಕೇಳಿದೆ. ಅವರು ಕನ್ನಡಕ ಏರಿಸಿ, "ಇನ್‌ಚಾರ್ಜ್‌ನೋರ್ನ ಹಾಕೋ ಪದ್ಧತಿ ಇಲ್ಲ ಮೇಡಂ. ಒಬ್ರುನ್ನ ಹಾಕಿದ್ರೆ ಎಲ್ರೂ ಕೇಳ್ತಾರೆ" ಅಂದರು. ಸರಿ ಅಂದೆ. ಪಟ್ಟಿಯಲ್ಲಿ ಒಬ್ಬರು ಹೋದ ವರ್ಷಕ್ಕೂ ಇನ್ನೊಬ್ಬರು ಬಂದ ವರ್ಷಕ್ಕೂ ನಡುವೆ ದೊಡ್ಡ ಸಂದು ಬಿತ್ತು. ಆ ವರ್ಷಗಳಲ್ಲಿ ವಿಭಾಗ ತನ್ನಷ್ಟಕ್ಕೆ ತಾನೇ ನಡೆದ ಹಾಗೆ. ನನಗೆ ಅದು ಕಾಣಲೇ ಇಲ್ಲ. ಒಂದು ಅಕ್ಷರ ತಪ್ಪಿಲ್ಲದೆ ಟೈಪ್ ಮಾಡಿದ್ದೇನೆ ಅನ್ನುವ ಜಂಬದಲ್ಲಿ ಮೇಡಂ ಟೇಬಲ್ಲಿನ ಮೇಲಿಟ್ಟೆ.

ಅವರು ಮೋಟು ಪೆನ್ಸಿಲ್ ತೆಗೆದರು. ಮೇಲಿನಿಂದ ಕೆಳಗೆ ನಿಧಾನವಾಗಿ ಓದಿದರು. ನಾಲ್ಕನೆಯವರ ಇನಿಷಿಯಲ್ಲಿನಲ್ಲಿ ಒಂದು ಚುಕ್ಕೆ ಬಿಟ್ಟುಹೋಗಿತ್ತು, ಇಟ್ಟರು. ಕೊನೆಯ ಹೆಸರಿನ ಕೆಳಗೆ ಪೆನ್ಸಿಲಿನ ಮೊನೆ ನಿಂತುಕೊಂಡಿತು. ಫ್ಯಾನಿಗೆ ಹಾಳೆ ಹಾರುತ್ತಿತ್ತು, ಎಡಗೈಯಲ್ಲಿ ಒತ್ತಿ ಹಿಡಿದಿದ್ದರು. ನನ್ನನ್ನು ಒಂದು ಸಲ ನೋಡಿದರು. ಹೊರಗೆ ಪೇಂಟರ್ ಕಾಯುತ್ತಿದ್ದಾನೆ ಅನ್ನುವುದೊಂದೇ ನನ್ನ ತಲೆಯಲ್ಲಿ.

"ಸರಿಯಾಗಿದೆ. ಕೊಡು" ಅಂದರು. ತೆಗೆದುಕೊಂಡು ಓಡಿದೆ.

ಆಮೇಲೆ ಒಬ್ಬರು ಖಾಯಂ ಮುಖ್ಯಸ್ಥರು ಬಂದರು. ಮೇಡಂ ಬೀಗದ ಕೈ ಕೊಟ್ಟರು. ಕೆಲವು ವರ್ಷಕ್ಕೆ ನಿವೃತ್ತಿಯಾದರು. ಎರಡು ವರ್ಷದ ಹಿಂದೆ ತೀರಿಕೊಂಡರು. ಆ ದಿನ ನಾನು ಬೇರೆ ಜಿಲ್ಲೆಯಲ್ಲಿ ಪರೀಕ್ಷೆ ಡ್ಯೂಟಿಯಲ್ಲಿದ್ದೆ. ನಂಜನಗೂಡು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು, ಜಗಲಿ ತೊಳೆದು ಒಣಗಿತ್ತು. ಫೋನಿನಲ್ಲಿ ಅವರ ನಂಬರು ಇನ್ನೂ ಇದೆ. ಮಂಗಳವಾರ ಮೋರಿ ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿದಾಗ, ಮುದ್ದೆಯ ಮೇಲೆ ಒಂದು ಕೈ ಬರುತ್ತದೆ ಅಂತ ಈಗಲೂ ಅರೆಗಳಿಗೆ ಕಾಯುತ್ತೇನೆ. ಐವತ್ತು ದಾಟಿದ, ಜನ ಹೆದರುವ ಹೆಂಗಸು ನಾನು. ಆದರೂ ಆ ಕೈ ನನಗೆ ಬೇಕು.

ಪೇಟ ತೊಡಿಸಿಕೊಂಡ ಮರುದಿನವೇ ಪ್ರಿನ್ಸಿಪಾಲರಿಗೆ ಪತ್ರ ಬರೆದೆ. ಬೋರ್ಡಿನಲ್ಲಿ ನನ್ನ ಹೆಸರಿಗಿಂತ ಮೊದಲು ಮೇಡಂ ಹೆಸರು ಬರಬೇಕು, ಅವರಿದ್ದ ಮೇಲೆ ನಾನು ಮೊದಲನೆಯವಳಲ್ಲ ಎಂದು. ಪ್ರಿನ್ಸಿಪಾಲರು ಒಳ್ಳೆಯವರೇ. "ನಂದೇನೂ ಅಭ್ಯಂತರ ಇಲ್ಲಮ್ಮಾ, ಆಫೀಸಿನೋರು ಒಪ್ಪಬೇಕು" ಅಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಆಫೀಸಿನಿಂದ ಒಂದು ವಾಕ್ಯದ ಉತ್ತರ ಬಂತು: ಸದರಿಯವರನ್ನು ಖಾಯಂ ಮುಖ್ಯಸ್ಥರನ್ನಾಗಿ ನೇಮಿಸಿದ ಆದೇಶದ ಪ್ರತಿ ಲಗತ್ತಿಸುವುದು. ಹಳೆಯ ಫೈಲುಗಳನ್ನು ಹುಡುಕಿಸಿದೆ, ಗೆದ್ದಲು ಸಿಕ್ಕಿತು. ಕೊನೆಗೆ ಮೇಡಂ ಮನೆಯಲ್ಲೇ ಏನಾದರೂ ಇರಬಹುದು ಅಂತ ಒಂದು ಭಾನುವಾರ ನಂಜನಗೂಡಿಗೆ ಹೋದೆ.

ಮನೆಯಲ್ಲಿ ಅವರ ತಂಗಿ ಇದ್ದರು. ಹೈಸ್ಕೂಲ್ ಮೇಡಂ ಆಗಿದ್ದವರು, ಅವರೂ ನಿವೃತ್ತಿ. ತಟ್ಟೆಯಲ್ಲಿ ಬಾಳೆಹಣ್ಣು ತಂದಿಟ್ಟು, "ರಸಬಾಳೆ ಅಂದ್ಕೋಬೇಡಿ, ಪಚ್ಚಬಾಳೆ. ನಂಜನಗೂಡಲ್ಲೇ ಈಗ ರಸಬಾಳೆಗೆ ಪರದಾಡ್ಬೇಕು" ಅಂದರು. ಬೀರುವಿನಿಂದ ದಾರ ಕಟ್ಟಿದ ಫೈಲು ತೆಗೆದರು. ಮೂರು ಆರ್ಡರುಗಳಿದ್ದವು, ಮಡಿಕೆ ಹರಿದು ಹೋಗಬಾರದು ಅಂತ ಹಿಂದೆ ಅಂಟುಪಟ್ಟಿ ಹಾಕಿದ್ದರು ಮೇಡಂ. ಮೂರರಲ್ಲೂ ಒಂದೇ ಮಾತು: ಮುಂದಿನ ಆದೇಶದವರೆಗೆ ವಿಭಾಗದ ಪ್ರಭಾರ ವಹಿಸಿಕೊಳ್ಳತಕ್ಕದ್ದು. ಅವುಗಳ ಕೆಳಗೆ ಇನ್ನೊಂದೇ ಒಂದು ಹಾಳೆ. ವಯೋನಿವೃತ್ತಿಯ ಆದೇಶ.

"ಮುಂದಿನ ಆದೇಶ ಅಂತ ಬಂದದ್ದು ಇದೇ ನೋಡಿ" ಅಂದರು ತಂಗಿ.

ನನಗೆ ಕೋಪ ಬಂತು. ಆಫೀಸಿನ ಮೇಲೆ, ಪದ್ಧತಿಯ ಮೇಲೆ, ಐದು ಗಂಟೆಯ ಮೀಟಿಂಗುಗಳ ಮೇಲೆ ಎಲ್ಲ ಕೂಗಾಡಿದೆ. ಆಮೇಲೆ ಅವರು, ಹೇಳಲೋ ಬೇಡವೋ ಅನ್ನುವ ಹಾಗೆ ಫೈಲಿನ ದಾರ ಸುತ್ತುತ್ತಾ ಹೇಳಿದರು.

"ಅಕ್ಕ ಕಾಲೇಜಿನ ವಿಷಯ ಮನೇಲಿ ಆಡ್ತಿರಲಿಲ್ಲ. ಒಂದ್ ಸಲ ಮಾತ್ರ ಹೇಳಿದ್ಲು, ನಿಮ್ಮ ಬಗ್ಗೇನೇ. 'ಇವತ್ತು ಆ ನರಸೀಪುರದ ಹುಡುಗಿ ಬೋರ್ಡಿನ ಪಟ್ಟಿ ತಂದಿದ್ಲು. ನಾನು ಪೆನ್ಸಿಲ್ ಹಿಡ್ಕೊಂಡೇ ಕೂತಿದ್ದೆ. ಮೇಡಂ, ನಿಮ್ಮ ಹೆಸರೆಲ್ಲಿ ಅಂತ ಒಂದ್ ಮಾತು ಕೇಳಿದ್ರೆ ಬರೆದೇಬಿಡ್ತಿದ್ದೆ. ಅವಳು ಕೇಳಲಿಲ್ಲ ಕಣೇ' ಅಂದ್ಲು."

"ಬೈಕೊಂಡ್ರಾ?" ಅಂದೆ.

"ಇಲ್ಲಪ್ಪಾ. ಅಮ್ಮನಿಗೆ ಕಾಫಿ ಸೋಸ್ತಾ ಇದ್ಲು. 'ಅವಳ ಕೆಲಸ ಇನ್ನೂ ಖಾಯಂ ಆಗ್ಬೇಕಲ್ಲ, ಪಾಪ' ಅಂದ್ಲು. ಅಷ್ಟೇ."

ಬೈದಿದ್ದರೆ ಚೆನ್ನಾಗಿತ್ತು. ಬಸ್ಸಿನಲ್ಲಿ ಕಿಟಕಿಗೆ ಮುಖ ತಿರುಗಿಸಿಕೊಂಡು ಅತ್ತೆ. ಕಪಿಲೆಯ ಸೇತುವೆ ದಾಟುವಾಗ ಪಕ್ಕದಲ್ಲಿದ್ದ ಹೂವಿನ ಬುಟ್ಟಿಯ ಹೆಂಗಸು ನನ್ನ ಮಂಡಿ ತಟ್ಟಿ, "ಯಾರಾದ್ರೂ ಓಗ್ಬುಟ್ರಾ ಅವ್ವಾ?" ಅಂದಳು. ಹೂಂ ಅಂದೆ. "ಇವತ್ತಾ?" "ಎರಡು ವರ್ಷ ಆಯ್ತು" ಅಂದೆ. ಅವಳು ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು ನನಗೆ ಜಾಗ ಮಾಡಿಕೊಟ್ಟಳು. ಏಳನೇ ಕ್ಲಾಸಿನಲ್ಲಿ, ಇದ್ಯಾಕೆ ಪೆನ್ಸಿಲು ಅಂತ ಕೇಳಿದ ಹುಡುಗಿ ಎಂ.ಡಿ. ಮಾಡಿ ಬಾಯಿ ಕಳೆದುಕೊಂಡಿದ್ದಳು. ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಈಗ ನಾನು ಎಷ್ಟು ಉರಿದರೇನು. ಆ ಟೇಬಲ್ಲಿನ ಮುಂದೆ ಇನ್ನೊಂದು ಸಲ ನಿಲ್ಲುವುದಕ್ಕೆ ಈ ಕುರ್ಚಿ, ಪೇಟ ಎಲ್ಲ ಕೊಟ್ಟುಬಿಡುತ್ತೇನೆ. ಆದರೆ ಅದನ್ನು ತೆಗೆದುಕೊಳ್ಳುವವರು ಯಾರು?

ನನ್ನ ಹೆಸರೂ ಬೇಡ ಅಂತ ಹಟ ಹಿಡಿಯೋಣ ಅಂತ ಮೊದಲು ಅನ್ನಿಸಿತು. ಹಾಗೆ ಮಾಡಿದರೆ ಬೋರ್ಡು ಮತ್ತೆ ಬರೀ ಗಂಡಸರದಾಗಿ ಉಳಿಯುತ್ತದೆ. ಮೇಡಂ ಇದ್ದಿದ್ದರೆ ತಲೆಗೊಂದು ಮೊಟಕುತ್ತಿದ್ದರು. ಪೇಂಟರ್ ಬಂದ ದಿನ ಅವನಿಗೆ ಹೇಳಿದೆ: ಕೊನೆಯ ಹೆಸರಾದ ಮೇಲೆ ಒಂದು ಸಾಲು ಬಿಟ್ಟು ನನ್ನದನ್ನು ಬರಿ.

"ಖಾಲಿ ಬುಟ್ರೆ ಚೆಂದಾಗ್ ಕಾಣಕಿಲ್ಲ ಮೇಡಮ್ಮೋರೆ. ಅಲ್ಲು ಬಿದ್ದಂಗೆ ಕಾಣ್ತದೆ" ಅಂದ.

"ಕಾಣಲಿ" ಅಂದೆ.

ಅವನು ಗೊಣಗುತ್ತಾ ಬರೆದು ಹೋದ. ಬಣ್ಣ ಒಣಗಿದ ಮೇಲೆ ಬಾಗಿಲು ಹಾಕಿಕೊಂಡು, ಸ್ಟೂಲು ಹತ್ತಿ, ಆ ಖಾಲಿ ಸಾಲಿನಲ್ಲಿ ಮೇಡಂ ಹೆಸರನ್ನು ಪೆನ್ಸಿಲಿನಲ್ಲಿ ಬರೆದೆ. ಕಪ್ಪಿನ ಮೇಲೆ ಪೆನ್ಸಿಲ್ ಏನು ಕಂಡೀತು? ಎದುರಿಗೆ ನಿಂತರೆ ಏನೂ ಇಲ್ಲ. ಕಿಟಕಿಯ ಬೆಳಕಿಗೆ ಓರೆಯಾಗಿ ನಿಂತು ನೋಡಿದರೆ ಮಾತ್ರ ಬೂದಿ ಬಣ್ಣದ ಅಕ್ಷರ ಹೊಳೆಯುತ್ತದೆ. ಆಫೀಸಿನವರು ಬಂದು ಹೋದರು, ಪ್ರಿನ್ಸಿಪಾಲರು ಬಂದು ಹೋದರು, ಸಾಲು ಯಾಕೆ ಬಿಟ್ಟಿದೆ ಅಂತ ಯಾರೂ ಕೇಳಲಿಲ್ಲ. ಪೇಂಟರ್ ತಪ್ಪು ಅಂದುಕೊಂಡರೋ ಏನೋ.

ಕಳೆದ ಮಂಗಳವಾರ ಹಳ್ಳಿಯಿಂದ ಬಂದು, ಹೊಸದಾಗಿ ಸೇರಿದ ಪಿ.ಜಿ. ಹುಡುಗಿಯೊಬ್ಬಳು ಫಾರಂಗಳ ಕಟ್ಟು ಇಡಲು ಕೋಣೆಗೆ ಬಂದಳು. ನಾನು ಏನೋ ಸಹಿ ಮಾಡುತ್ತಿದ್ದೆ. ಅವಳು ಹೋಗಲಿಲ್ಲ.

"ಮೇಡಂ, ಇಲ್ಲಿ ಒಂದ್ ಸಾಲು ಯಾಕೆ ಖಾಲಿ ಇದೆ?" ಅಂದಳು.

ನಾನು ಪೆನ್ನು ಕೆಳಗಿಟ್ಟೆ. "ಕಿಟಕಿ ಹತ್ರ ಬಂದು ನೋಡು" ಅಂದೆ.

ಅವಳು ಬಂದು, ತಲೆ ಓರೆ ಮಾಡಿ, ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದಳು. ಆ ಕೋಣೆಯಲ್ಲಿ ಆ ಹೆಸರನ್ನು ಇನ್‌ಚಾರ್ಜ್ ಅಂತ ಸೇರಿಸದೆ ಯಾರಾದರೂ ಅಂದದ್ದು ನಾನು ಕೇಳಿದ್ದು ಆವತ್ತೇ.

"ಯಾರು ಮೇಡಂ ಇವರು?"

ಗಂಟೆ ಐದಾಗಿತ್ತು, ಮೀಟಿಂಗಿಗೆ ಕರೆ ಬಂದಿತ್ತು. ಎದುರಿಗಿದ್ದ ಕುರ್ಚಿ ತೋರಿಸಿ, "ಕೂತ್ಕೊ, ಹೇಳ್ತೀನಿ" ಅಂದೆ.